ಐದು ಜನ, ಒಂದು ರೂಮು, ಒಂದು ಟ್ರಂಕು

(ಗುರುತು ಸಿಗದ ಹಾಗೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

"ಮೇಡಂ, ನನಗೆ ಸಿಟ್ಟು ಜಾಸ್ತಿ ಆಗಿದೆ. ಅದಕ್ಕೆ ಮಾತ್ರೆ ಏನಾದ್ರೂ ಇದ್ಯಾ?"

ಸುಮಾ ಬಂದು ಕೂತವರೇ ಕೇಳಿದ್ದು ಇದನ್ನು. ವಯಸ್ಸು 39. ಬೆಂಗಳೂರಿನ ಪೀಣ್ಯದ ಕಡೆ ಬಾಡಿಗೆ ಮನೆ. ಗಂಡ ಕಾರ್ಖಾನೆಯಲ್ಲಿ ಆಪರೇಟರ್, ಒಂದು ವಾರ ಫಸ್ಟ್ ಶಿಫ್ಟ್, ಒಂದು ವಾರ ಸೆಕೆಂಡ್ ಶಿಫ್ಟ್. ಮಗಳು ಸೆಕೆಂಡ್ ಪಿಯು, ಮಗ ಐದನೇ ಕ್ಲಾಸು. ಸುಮಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಒಂದೂವರೆ ವರ್ಷದ ಹಿಂದೆ ಮಾವ ತೀರಿಕೊಂಡ ಮೇಲೆ ಅತ್ತೆಯೂ ಹಾಸನದ ಕಡೆಯ ಹಳ್ಳಿಯಿಂದ ಬಂದು ಇವರ ಜೊತೆ ಇದ್ದಾರೆ.

ನಾನು ಆಪ್ತಸಮಾಲೋಚಕಿ, ಮಾತ್ರೆ ಬರೆಯುವುದು ಮನೋವೈದ್ಯರ ಕೆಲಸ, ಬೇಕೆನಿಸಿದರೆ ನಾನೇ ಅವರ ಹತ್ತಿರ ಕಳಿಸುತ್ತೇನೆ ಅಂದೆ. ಸಿಟ್ಟು ಯಾವಾಗ ಬರುತ್ತದೆ ಅಂತ ಕೇಳಿದೆ. ಅವರು ಹೇಳಿದ್ದರಲ್ಲಿ ಜನರಿಗಿಂತ ಜಾಗದ ಮಾತೇ ಜಾಸ್ತಿ ಇತ್ತು. ರಾತ್ರಿ ನೀರು ಕುಡಿಯಲು ಎದ್ದರೆ ಕಾಲಿಗೆ ತಾಗುವ ಅತ್ತೆಯ ಟ್ರಂಕು. ಮಗಳು ಬಟ್ಟೆ ಬದಲಿಸುವಾಗ ಎಲ್ಲರೂ ರೂಮಿನಿಂದ ಹೊರಗೆ. ಅತ್ತೆಯ ಧಾರಾವಾಹಿ, ಮಗಳ ಓದು ಎರಡೂ ಒಂದೇ ಹೊತ್ತಿಗೆ. ಹೊಲಿಯಲು ಕೂತರೆ ಯಾರಾದರೂ ಒಬ್ಬರು ದಾಟಿಕೊಂಡೇ ಹೋಗಬೇಕು.

"ಕೊನೆಗೆ ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೊಂಡು, ನಲ್ಲಿ ಬಿಟ್ಟು ಕೂತುಬಿಡ್ತೀನಿ ಮೇಡಂ. ಬಕೆಟ್ ಬೋರಲು ಹಾಕಿ ಅದರ ಮೇಲೆ. ಹತ್ತು ನಿಮಿಷ. ಅಷ್ಟೇ ನಂದು ಅಂತ ಇರೋದು."

ಈ ಮಾತು ಕೇಳಿದ ಮೇಲೆ ಎರಡು ಪ್ರಶ್ನೆ ಕೇಳಲೇಬೇಕಿತ್ತು. ಸತ್ತುಹೋಗಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ? ಮನೆಯಲ್ಲಿ ಯಾರಾದರೂ ಕೈ ಎತ್ತುತ್ತಾರಾ? ಎರಡಕ್ಕೂ ಇಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಹನ್ನೆರಡಕ್ಕೆ ತಡೆಯಲಾಗದಷ್ಟು ಸಂಕಟವಾದರೆ ನನ್ನ ಅಪಾಯಿಂಟ್‌ಮೆಂಟ್‌ಗೆ ಕಾಯಬಾರದು.

ಅವರ ಮನೆ 20x30 ಸೈಟಿನ ಮೊದಲನೇ ಮಹಡಿ. ಹಾಲ್ 10 ಅಡಿಗೆ 11 ಅಡಿ, ರೂಮು ಅದಕ್ಕಿಂತ ಚಿಕ್ಕದು, ಉದ್ದಕ್ಕೆ ಒಂದು ಅಡುಗೆಮನೆ. ನೆಂಟರಲ್ಲಿ ಹೇಳಿಕೊಂಡರೆ "ಮನಸ್ಸು ದೊಡ್ಡದಿರಬೇಕು ಕಣೇ, ಮನೆ ಚಿಕ್ಕದಾದರೇನು" ಅಂದರಂತೆ. ಆ ಮಾತು ಅವರಿಗೆ ತುಂಬಾ ನೋವು ಕೊಟ್ಟಿತ್ತು. ಜಾಗದ ಕೊರತೆ ನಿಜವಾದ ಕೊರತೆ. ಅದನ್ನು ಮನಸ್ಸಿನ ಕೊರತೆ ಅಂತ ಹೊರಿಸಿದರೆ, ಸಿಟ್ಟಿನ ಜೊತೆಗೆ "ನಾನೇ ಸರಿ ಇಲ್ಲವೇನೋ" ಅನ್ನುವ ಕೊರಗೂ ಸೇರಿಕೊಳ್ಳುತ್ತದೆ. ಮೊದಲ ದಿನ ನಾನು ಸುಮಾಗೆ ಹೇಳಿದ್ದು ಇಷ್ಟೇ: ನಿಮ್ಮ ಸ್ವಭಾವ ಕೆಟ್ಟಿಲ್ಲ, ನಿಮಗೆ ಒಂಟಿಯಾಗಿ ಕೂರಲು ಜಾಗವಿಲ್ಲ. ಅವರು ಅತ್ತರು. ಅಳಲು ಬಿಟ್ಟೆ.

ಮನೆಗೆ ಹೋಗಿ ಮಾಡಲು ಒಂದು ಕೆಲಸ ಕೊಟ್ಟೆ. ಮಗನ ಗಣಿತದ ಚೌಕುಳಿ ಪುಸ್ತಕದ ಒಂದು ಹಾಳೆ. ಮೇಲೆ ಹಾಲ್, ರೂಮು, ಅಡುಗೆಮನೆ. ಪಕ್ಕದಲ್ಲಿ ಬೆಳಗಿನ ನಾಲ್ಕರಿಂದ ರಾತ್ರಿ ಹನ್ನೆರಡರವರೆಗೆ ಗಂಟೆಗಳು. ಯಾವ ಹೊತ್ತಿನಲ್ಲಿ ಯಾರು ಎಲ್ಲಿರುತ್ತಾರೆ ಅಂತ ಒಂದು ವಾರ ಬರೆಯಿರಿ ಅಂದೆ. ಚದರಡಿ ಹೆಚ್ಚಿಸಿಕೊಳ್ಳಲು ದುಡ್ಡು ಬೇಕು. ಹೊತ್ತು ಹಂಚಿಕೊಳ್ಳಲು ಮಾತು ಸಾಕು. ಚಿಕ್ಕ ಮನೆಯವರು ಬಂದಾಗಲೆಲ್ಲ ನಾನು ಇಲ್ಲಿಂದಲೇ ಶುರು ಮಾಡುವುದು.

ಹಾಳೆ ವಾಪಸ್ ಬಂದಾಗ ಸಂಜೆ ಆರರಿಂದ ಒಂಬತ್ತರ ಹಾಲ್‌ನ ಚೌಕದಲ್ಲಿ ನಾಲ್ಕು ಹೆಸರು ಒತ್ತಿಕೊಂಡಿದ್ದವು. ಮಧ್ಯಾಹ್ನ ರೂಮು ಖಾಲಿ. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಅಡುಗೆಮನೆ ಪೂರ್ತಿ ಖಾಲಿ. ಮಗಳು ನಾಲ್ಕೂವರೆಗೆ ಎದ್ದು ಹಾಲ್‌ನಲ್ಲಿ ಲೈಟ್ ಹಾಕುತ್ತಿದ್ದಳು. ಸೆಕೆಂಡ್ ಶಿಫ್ಟ್ ಮುಗಿಸಿ ತಡರಾತ್ರಿ ಬಂದ ಅಪ್ಪ ಅಲ್ಲೇ ಮಲಗಿರುತ್ತಿದ್ದರು. ದಿನದ ಮೊದಲ ಜಗಳ ಅಲ್ಲಿಂದಲೇ ಏಳುತ್ತಿತ್ತು.

ಎರಡನೇ ಸಲ ಅತ್ತೆಯನ್ನೂ ಕರೆಸಿದೆ. ಈ ಪ್ರಕರಣ ನನಗೆ ನೆನಪಿರುವುದೇ ಆ ದಿನದಿಂದ. ಮನೆಯವರೆಲ್ಲರ ದೂರು ಟ್ರಂಕಿನ ಮೇಲೇ. ಸುಮಾ ಅವರ ಗಂಡ ಅದನ್ನು ಗುಜರಿಗೆ ಹಾಕೋಣ ಅಂತ ಎರಡು ಸಲ ಹೇಳಿದ್ದರು. ಅತ್ತೆ ಅದರ ಮೇಲೆ ಹೋಗಿ ಕೂತುಬಿಡುತ್ತಿದ್ದರಂತೆ. ನಾನು ಕೇಳಿದೆ, "ಅಮ್ಮ, ಟ್ರಂಕಿನಲ್ಲಿ ಏನೇನಿದೆ?"

ಅವರು ಸ್ವಲ್ಪ ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತರು. "ಅದ್ರಲ್ಲಿ ಏನೈತೆ ಅಂತ ಇವತ್ತಿನ್ಗಂಟ ಒಬ್ರೂ ಕೇಳಿರ್ಲಿಲ್ಲ ಕಣಮ್ಮ" ಅಂದರು. ಗಂಡನ ಕಂಬಳಿ, ಎರಡು ಪಂಚೆ. ರಾಗಿ ಅಳೆಯುವ ಸೇರು. ಜಮೀನಿನ ಪಹಣಿ. ಮೊಮ್ಮಗಳನ್ನು ಮೊದಲು ಮಲಗಿಸಿದ ಹಳೇ ಸೀರೆಯ ಕೌದಿ. "ಆರಂಕಣದ ಮನೆ ಬಿಟ್ಟು ಬಂದಿವ್ನಿ. ಇಲ್ಲಿ ನಂದು ಅಂತ ಇರೋದು ಆ ಪೆಟ್ಗೆ ಒಂದೇಯ."

ಸುಮಾ ತಲೆ ಎತ್ತಿ ಅತ್ತೆಯನ್ನು ನೋಡಿದರು. ಬಚ್ಚಲಿನ ವಿಷಯ ಅತ್ತೆಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಸುಮಾನೇ ಹೇಳಿದರು. "ನಂಗೂ ಅಷ್ಟೇ ಅತ್ತೆ, ನಂದು ಅಂತ ಬಚ್ಚಲು ಒಂದೇ."

ಆಮೇಲಿನ ಕೆಲಸ ಸುಲಭವಾಯಿತು. ಗುಜರಿಗೆ ಹಾಕುವ ಮಾತು ಬಿಡಿ, ಟ್ರಂಕಿನ ಅಳತೆ ಹಿಡಿಯಿರಿ ಅಂದೆ. ಉದ್ದ ಮೂರಡಿ, ಎತ್ತರ ಒಂದೂವರೆ ಅಡಿ. ಕುರ್ಚಿಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಹಾಲ್‌ನಲ್ಲಿ ಆರಡಿ ಉದ್ದದ ಸೋಫಾ ಒಂದಿತ್ತು. ಅದು ಹಾಲ್‌ನಲ್ಲಿ ತುಂಬಾ ಜಾಗ ತಿನ್ನುತ್ತಿತ್ತು, ಅದರ ಮೇಲೆ ಸದಾ ಒಣಗಿದ ಬಟ್ಟೆಯ ರಾಶಿ, ಜನ ಕೂರುತ್ತಿದ್ದುದು ನೆಲದ ಮೇಲೆ. ಸೋಫಾ ಮಾರಿದರು. ಆ ಜಾಗಕ್ಕೆ, ಕಿಟಕಿ ಪಕ್ಕಕ್ಕೆ, ಟ್ರಂಕು ಬಂತು. ಸುಮಾ ಅದರ ಅಳತೆಗೆ ಹತ್ತಿಯ ಮೆತ್ತೆ ಹೊಲಿದು ಹಾಕಿದರು. ಅದು ಅತ್ತೆಯ ಜಾಗ. ಬಂದ ನೆಂಟರೂ ಕೇಳಿಯೇ ಕೂರಬೇಕು ಅಂತ ಮೊಮ್ಮಗ ಕಾನೂನು ಮಾಡಿದ್ದಾನಂತೆ.

ಮಗಳ ಬೆಳಗಿನ ಓದು ಅಡುಗೆಮನೆಗೆ ಹೋಯಿತು. ಗೋಡೆಗೆ ಕೀಲು ಹಾಕಿ ಎರಡಡಿಯ ಮಡಚುವ ಹಲಗೆ ಹಾಕಿಸಿದರು. ಬಾಡಿಗೆ ಮನೆ, ಗೋಡೆಗೆ ತೂತು ಹಾಕುವ ಮೊದಲು ಓನರ್ ಹತ್ತಿರ ಕೇಳಿ, ಬಿಡುವಾಗ ಮುಚ್ಚಿಸಿಕೊಡುತ್ತೇವೆ ಅನ್ನಿ ಅಂದಿದ್ದೆ. ಒಪ್ಪಿದರು. ಬಾಗಿಲು ಹಾಕಿಕೊಂಡರೆ ಲೈಟು ಹಾಲ್‌ಗೆ ಬರುವುದಿಲ್ಲ. ರಾತ್ರಿ ಮಲಗುವಾಗ ಸಿಲಿಂಡರ್‌ನ ರೆಗ್ಯುಲೇಟರ್ ಆಫ್ ಮಾಡಿ, ಓದುವಾಗ ಕಿಟಕಿ ಸ್ವಲ್ಪ ತೆರೆದಿಡಿ ಅಂತ ಒತ್ತಿ ಹೇಳಿದೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲೇ ಕೂರುತ್ತದೆ. ಅದಕ್ಕೇ ಜಾಗ ಉಳಿಸಲು ಅಂತ ಸಿಲಿಂಡರನ್ನು ಗಾಳಿಯಾಡದ ಕಪಾಟಿನಲ್ಲಿ ಇಡಬಾರದು. ಸಜ್ಜದ ವಿಷಯ ಜಾಸ್ತಿ ಹೇಳುವುದಿಲ್ಲ: ಟಿವಿ ಬಂದ ಖಾಲಿ ಡಬ್ಬ ಇಳಿಸಿ, ಗೌರಿ ಹಬ್ಬದ ಸಾಮಾನಿನಂಥ ವರ್ಷಕ್ಕೊಮ್ಮೆ ಬೇಕಾಗುವುದನ್ನು ಮಾತ್ರ ಮೇಲಿಟ್ಟರು.

ರೂಮಿಗೆ ಅಡ್ಡ ಒಂದು ಪರದೆ ಹಾಕಿದರು, ಮಗಳ ಬಟ್ಟೆಯ ಗಲಾಟೆ ಅಲ್ಲಿಗೆ ನಿಂತಿತು.

ಮಧ್ಯಾಹ್ನ ಎರಡರಿಂದ ನಾಲ್ಕು ರೂಮು ಸುಮಾದು. ಹೊಲಿಯಬಹುದು, ಮಲಗಬಹುದು, ಸುಮ್ನೆ ಕೂರಬಹುದು. ಇದನ್ನು ಒಪ್ಪಿಕೊಳ್ಳಲು ಅವರಿಗೇ ಕಷ್ಟವಾಯಿತು. "ಹಗಲಲ್ಲಿ ಬಾಗಿಲು ಹಾಕ್ಕೊಂಡ್ರೆ ಅತ್ತೆ ಏನಂದ್ಕೋತಾರೆ?" ಅತ್ತೆಯ ಎದುರಿಗೇ ಒಂದು ಮಾತು ಮಾಡಿಕೊಂಡೆವು. ಬಾಗಿಲು ಹಾಕಿದ್ದರೆ ಸಿಟ್ಟು ಮಾಡಿಕೊಂಡಿದ್ದಾಳೆ ಅಂತ ಅಲ್ಲ, ಒಬ್ಬಳೇ ಇರಬೇಕು ಅನ್ನಿಸಿದೆ ಅಂತ. ಇದನ್ನು ಬಾಯಿಬಿಟ್ಟು ಹೇಳಿಕೊಳ್ಳದ ಮನೆಗಳಲ್ಲಿ ಮುಚ್ಚಿದ ಬಾಗಿಲು ದೊಡ್ಡ ಜಗಳವಾಗುವುದನ್ನು ನೋಡಿದ್ದೇನೆ.

ಗಂಡ ಹೆಂಡತಿಯ ವಿಷಯ ಕೊನೆಗೆ ಬಂತು, ಅದೂ ನಾನು ಕೇಳಿದ ಮೇಲೆ. ಅತ್ತೆ ಬಂದಾಗಿನಿಂದ ಇಬ್ಬರೂ ಮಗನ ಜೊತೆ ಹಾಲ್‌ನಲ್ಲಿ. ಇಬ್ಬರೇ ಕೂತು ಮಾತಾಡಿದ್ದೇ ನೆನಪಿಲ್ಲ ಅಂದರು. ಕೇಳಲು ನಾಚಿಕೆ, ಹೇಳಲು ಇನ್ನೂ ನಾಚಿಕೆ. ಆದರೆ ಚಿಕ್ಕ ಮನೆಯಲ್ಲಿ ಮೊದಲು ಕಳೆದುಹೋಗುವುದೇ ಇದು. ನಾನು ಅತ್ತೆಗೆ ಏನೂ ಬಿಡಿಸಿ ಹೇಳಲಿಲ್ಲ, ವಾರಕ್ಕೊಮ್ಮೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಲು ಆಗುತ್ತಾ ಅಂತ ಕೇಳಿದೆ. "ಆಯ್ತು ಬುಡಮ್ಮ, ಭಾನ್ವಾರ ಸಾಯಂಕಾಲ ದೇವಸ್ಥಾನಕ್ಕೆ ಕರ್ಕೊಂಡೋಯ್ತೀನಿ. ನಿಧಾನಕ್ಕೆ ಬತ್ತೀವಿ" ಅಂದರು.

ನಡುವೆ ಗಂಡ ಒಂದು ಫ್ಲಾಟಿನ ಬ್ರೋಶರ್ ತಂದಿದ್ದರು. ದೊಡ್ಡ ಅಕ್ಷರದಲ್ಲಿ 650 ಚದರಡಿ, ಸೂಪರ್ ಬಿಲ್ಟ್ ಅಪ್, ಅಂದರೆ ಮೆಟ್ಟಿಲು, ಲಿಫ್ಟಿನಂಥ ಎಲ್ಲರ ಜಾಗದ ಪಾಲನ್ನೂ ಸೇರಿಸಿದ ಲೆಕ್ಕ. ಮನೆ, ಫ್ಲಾಟ್ ಮಾರಾಟಕ್ಕೆ ಇರುವ 2016ರ ರೇರಾ ಕಾಯ್ದೆ ಪ್ರಕಾರ ನೀವು ಕೇಳಬೇಕಾದ್ದು ಕಾರ್ಪೆಟ್ ಏರಿಯಾ ಅಂದೆ. ಹೊರಗೋಡೆ, ಬಾಲ್ಕನಿ ಬಿಟ್ಟು ಒಳಗೆ ನಾವು ಬಳಸುವ ಜಾಗ ಅದು. ಮೆಟ್ಟಿಲು, ಲಿಫ್ಟಿನ ಪಾಲು ಕಳೆದು ನೋಡಿದಾಗ ಈಗಿನ ಮನೆಗೂ ಅದಕ್ಕೂ ಅಂಥ ವ್ಯತ್ಯಾಸ ಇರಲಿಲ್ಲ. ಕೊಳ್ಳಬೇಡಿ ಅಂತ ನಾನು ಹೇಳಲಿಲ್ಲ. ಜಗಳದ ಬಿಸಿಯಲ್ಲಿ ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕಬೇಡಿ, ಮಗಳ ಪರೀಕ್ಷೆ ಮುಗಿಯಲಿ ಅಂದೆ.

ಮೂರು ತಿಂಗಳ ಮೇಲೆ ಸುಮಾ ಬಂದಿದ್ದರು. ಬೆಳಗ್ಗೆ ಏಳಕ್ಕೆ ಬಚ್ಚಲಿನ ಕ್ಯೂ ಹಾಗೇ ಇದೆ. ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಹಾಕುವುದು ಅನ್ನುವುದಕ್ಕೂ ದಾರಿ ಸಿಕ್ಕಿಲ್ಲ. ಟಿವಿ ಜಗಳ ಅರ್ಧ ಕಡಿಮೆ ಆಗಿದೆ. ಮೊಮ್ಮಗ ಅಜ್ಜಿಗೆ ಇಯರ್‌ಫೋನ್ ಹಾಕಿಕೊಳ್ಳುವುದು ಕಲಿಸಿದ್ದಾನೆ, ಅವರು ಒಂದು ಕಿವಿಗೆ ಮಾತ್ರ ಹಾಕಿಕೊಳ್ಳುತ್ತಾರೆ.

"ನಲ್ಲಿ ಬಿಟ್ಟು ಕೂರೋದು?" ಅಂತ ಕೇಳಿದೆ.

"ಹೋದ ವಾರ ಒಂದು ಸಲ ಮೇಡಂ. ಅತ್ತೆ ಬಂದು ಬಾಗಿಲು ತಟ್ಟಿದ್ರು. 'ಅಲ್ಲ್ಯಾಕವ್ವ ಕೂತಿದ್ದೀಯ, ರೂಮು ಖಾಲಿ ಐತೆ ಓಗು. ನಾನು ಟೀ ಮಡಗ್ತೀನಿ' ಅಂದ್ರು."