ಮರದ ಕೊಂಬೆ ಇಳಿಸುವ ಹಗ್ಗದ ಸಾಧನವನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದೇ?

ಹಂಚಿನ ಮಾಡಿನ ಮೇಲೆ ಬಾಗಿದ ಮಾವಿನ ಕೊಂಬೆಗಳನ್ನು ಹಗ್ಗ ಕಟ್ಟಿ ಇಳಿಸಬೇಕು, ಮರದ ಬುಡಕ್ಕೆ ಕಟ್ಟಿ, ಮೈಗೆ ಹಗ್ಗ ಸುತ್ತಿ ಮೆಲ್ಲಗೆ ಬಿಡುವ ಪೈಪಿನ ಸಾಧನವಾದ ಹೊರದೇಶದ ಪೋರ್ಟ್-ಎ-ರ್‍ಯಾಪ್ ದುಬಾರಿ, ಅದೇ ಮಾದರಿಯನ್ನು ಜಿಐ ಪೈಪಿನಿಂದ ಮಾಡಿಸಿದರೆ ಆದೀತೇ, ಪೈಪ್ ದಪ್ಪವಾದಷ್ಟೂ ಹಿಡಿತ ಹೆಚ್ಚುತ್ತದೆಯೇ ಎಂದು ಕೇಳಿದ್ದೀರಿ.

ಮಾಡಿಸಬಹುದು. ಮನೆ, ಕೊಟ್ಟಿಗೆಗಳ ಮೇಲಿನ ಸಣ್ಣ ಕೊಂಬೆಗಳಿಗೆ ನಾನು ಅಂಥದ್ದೇ ಒಂದನ್ನು ಬಳಸುತ್ತೇನೆ. ಆದರೆ ನೀವು ಪೈಪಿನ ಬಗ್ಗೆ ಮಾತ್ರ ಕೇಳಿದ್ದೀರಿ. ನನಗೆ ಕೈಕೊಟ್ಟದ್ದು ಹಗ್ಗ.

ಮೊದಲು ಹಿಡಿತದ ಮಾತು. ಕೊಸರಾಡುವ ಹೋರಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿದರೆ ಸಣ್ಣ ಹುಡುಗನೂ ಹಿಡಿದು ನಿಲ್ಲುತ್ತಾನಲ್ಲ, ಇದರ ಗುಟ್ಟೂ ಅದೇ. ಗಣಿತಜ್ಞ ಆಯ್ಲರ್ ಹೆಸರಿನ ಸೂತ್ರದ ಪ್ರಕಾರ ಹಿಡಿತ ನಿಂತಿರುವುದು ಸುತ್ತುಗಳ ಸಂಖ್ಯೆ ಮತ್ತು ಘರ್ಷಣೆಯ ಮೇಲೆ. ಪೈಪಿನ ದಪ್ಪ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಘರ್ಷಣಾಂಕ, ಅಂದರೆ ಹಗ್ಗ ಜಾರದಂತೆ ಪೈಪ್ ಒಡ್ಡುವ ತಡೆಯ ಅಳತೆ, 0.2 ಎಂದು ಹಿಡಿದರೆ, 100 ಕಿಲೋ ಭಾರಕ್ಕೆ ಒಂದು ಸುತ್ತಿನಲ್ಲಿ ಕೈಗೆ ಬರುವುದು 28 ಕಿಲೋ, ಎರಡು ಸುತ್ತಿನಲ್ಲಿ 8, ಮೂರರಲ್ಲಿ ಎರಡೂಕಾಲು. ಆದರೂ ದಪ್ಪ ಪೈಪನ್ನೇ ತೆಗೆದುಕೊಳ್ಳಿ. ಸಣ್ಣ ಪೈಪಿನಲ್ಲಿ ಹಗ್ಗ ತೀರಾ ಬಾಗಿ ಎಳೆಗಳು ನಲುಗುತ್ತವೆ, ಕಬ್ಬಿಣವೂ ಬೇಗ ಕಾಯುತ್ತದೆ. 12 ಮಿ.ಮೀ. ಹಗ್ಗಕ್ಕೆ 4 ಇಂಚಿನ ಪೈಪ್ ಸರಿಹೋಗುತ್ತದೆ. ಅದರ ಹೊರ ಅಳತೆ 114 ಮಿ.ಮೀ., ಅಂದರೆ ಹಗ್ಗದ ದಪ್ಪದ ಒಂಬತ್ತು ಪಟ್ಟಿಗೂ ಹೆಚ್ಚು. ಕೆಂಪು ಪಟ್ಟಿ ಇರುವ ಸಿ ದರ್ಜೆಯದ್ದನ್ನೇ ಕೇಳಿ ತನ್ನಿ, ಗೋಡೆ ದಪ್ಪವಾಗಿರುತ್ತದೆ.

ಈಗ ಹಗ್ಗ. ಮೊದಲ ಸಲ ಹಾರ್ಡ್‌ವೇರ್ ಅಂಗಡಿಯ ಹಳದಿ ಪ್ಲಾಸ್ಟಿಕ್ ಹಗ್ಗದಲ್ಲೇ ಹಲಸಿನ ಕೊಂಬೆಗಳನ್ನು ಇಳಿಸಲು ಹೊರಟಿದ್ದೆ. ಕೆಳಗೆ ಹಗ್ಗ ಬಿಡುತ್ತಿದ್ದವನು ಸರ್ರನೆ ಬಿಟ್ಟು, ನಡುವೆ ಗಕ್ಕನೆ ತಡೆದ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮರದ ಮೇಲಿದ್ದ ನನ್ನ ಮೂಗಿಗೂ ಬಡಿಯಿತು. ಕೊಂಬೆ ಕ್ಷೇಮವಾಗಿ ಇಳಿದದ್ದರಿಂದ ಹಗ್ಗವನ್ನು ನೋಡದೆ ಮುಂದಿನದಕ್ಕೂ ಅದನ್ನೇ ಕಟ್ಟಿದೆ. ಅದು ನಡುಗಾಳಿಯಲ್ಲಿ ತುಂಡಾಯಿತು. ಹನ್ನೊಂದು ಹಂಚು, ಎರಡು ರೀಪು ಹೋದವು. ಮನೆಯವರನ್ನು ಮೊದಲೇ ಹೊರಗೆ ಕಳಿಸಿದ್ದೆ, ಅಷ್ಟು ಪುಣ್ಯ. ಆಮೇಲೆ ಹಗ್ಗದ ತುದಿ ಹಿಡಿದು ನೋಡಿದೆ: ಒಂದು ಗೇಣು ಉದ್ದಕ್ಕೆ ಎಳೆಗಳೆಲ್ಲ ಕರಗಿ ಒಂದಕ್ಕೊಂದು ಅಂಟಿಕೊಂಡು, ಗಾಜು ಬಳಿದಂತೆ ಮಿನುಗುತ್ತಿದ್ದವು. ಬಗ್ಗಿಸಿದರೆ ಒಣಕಡ್ಡಿಯಂತೆ ಚಿಟಕ್ಕೆಂದಿತು. ಆ ಹಗ್ಗದ ಪ್ಲಾಸ್ಟಿಕ್ಕಾದ ಪಾಲಿಪ್ರೊಪಿಲೀನ್ ಕರಗುವುದು ಸುಮಾರು 165 ಡಿಗ್ರಿಯಲ್ಲಿ, ಮೆತ್ತಗಾಗುವುದು ಅದಕ್ಕಿಂತ ಎಷ್ಟೋ ಮೊದಲು. ಪಾಲಿಯೆಸ್ಟರ್ 250 ಡಿಗ್ರಿ ದಾಟುವವರೆಗೂ ಕರಗುವುದಿಲ್ಲ. ದುಡ್ಡು ಉಳಿಸಲೇಬೇಕೆಂದರೆ ಸಾಧನದಲ್ಲಿ ಉಳಿಸಿ, ಹಗ್ಗದಲ್ಲಿ ಬೇಡ. ನೈಲಾನ್ ಜಗ್ಗುತ್ತದೆ, ನೆನೆದರೆ ಬಲವೂ ಕುಗ್ಗುತ್ತದೆ, ಹಾಗಾಗಿ ನಾನು ಪಾಲಿಯೆಸ್ಟರಿಗೇ ಅಂಟಿಕೊಂಡಿದ್ದೇನೆ.

ವೆಲ್ಡಿಂಗ್ ಮಾಡುವವರಿಗೆ ಎರಡು ವಿಷಯ ಒತ್ತಿ ಹೇಳಿ. ಹಗ್ಗ ಜಾರದಂತೆ ತಡೆಯುವ ಸರಳನ್ನು ಪೈಪಿನ ಮೈಮೇಲೆ ಬರಿದೇ ಅಂಟಿಸಬಾರದು. ಪೈಪಿನ ಈ ಬದಿಯಿಂದ ಆ ಬದಿಗೆ ತೂತು ಕೊರೆದು, 20 ಮಿ.ಮೀ. ಗಟ್ಟಿ ಸರಳನ್ನು ತೂರಿಸಿ, ಎರಡೂ ಕಡೆ ಬೆಸೆಯಬೇಕು. ಬೆಸೆಯುವ ಜಾಗದ ಸತುವಿನ ಲೇಪವನ್ನು ಮೊದಲೇ ಉಜ್ಜಿ ತೆಗೆಯಬೇಕು, ಅದರ ಹೊಗೆ ಕುಡಿದರೆ ಜ್ವರ ಬರುತ್ತದೆ. ಕೊನೆಗೆ ನೀವೇ ಒಂದು ಹತ್ತಿಬಟ್ಟೆಯಿಂದ ಇಡೀ ಪೈಪನ್ನು ಒರೆಸಿ. ಬಟ್ಟೆಯ ನೂಲು ಸಿಕ್ಕಿಕೊಂಡ ಜಾಗದಲ್ಲಿ ನಾಳೆ ಹಗ್ಗವೂ ಸಿಕ್ಕಿಕೊಳ್ಳುತ್ತದೆ.

ಸಾಧನವನ್ನು ಮರದ ಬುಡಕ್ಕೆ ಕಟ್ಟಲು ಕ್ರೇನಿನವರು ಬಳಸುವ ಪಟ್ಟಿ ಒಳ್ಳೆಯದು. ನೇರಳೆ ಬಣ್ಣದ್ದು 1 ಟನ್ನಿಗೆ, ಹಸಿರು 2 ಟನ್ನಿಗೆ. ಹಸಿರನ್ನೇ ತನ್ನಿ.

ಬಹಳ ಜನ ಮರೆಯುವುದು ಹಗ್ಗ ಹಾಯಲು ಮರದ ಮೇಲೆ ಕವಲಿಗೆ ಕಟ್ಟುವ ರಾಟೆಯನ್ನು. 100 ಕಿಲೋ ಕೊಂಬೆ ಒಂದು ಕಡೆ, ಅದನ್ನು ತಡೆಯುವ ಹಗ್ಗ ಇನ್ನೊಂದು ಕಡೆ ಎಳೆಯುವುದರಿಂದ ರಾಟೆ ಕಟ್ಟಿದ ಕವಲಿಗೆ ಸುಮಾರು 200 ಕಿಲೋ ಬೀಳುತ್ತದೆ. ಕೊಂಬೆ ಸ್ವಲ್ಪ ಬಿದ್ದು ಹಗ್ಗ ಜಗ್ಗಿದರೆ ಇನ್ನೂ ಹಲವು ಪಟ್ಟು. ಆದ್ದರಿಂದ ಕಡಿಯುವ ಮುನ್ನ ಹಗ್ಗದ ಸಡಿಲು ತೆಗೆಯಿರಿ, ಕೊಂಬೆ ಕಳಚಿದಾಗ ಸ್ವಲ್ಪ ಓಡಲು ಬಿಟ್ಟು ಮೆಲ್ಲಗೆ ತಡೆಯಿರಿ. ಹಗ್ಗ ಬಿಡುವವನು ಯಾವ ಕಾರಣಕ್ಕೂ ಅದನ್ನು ಕೈಗೆ ಸುತ್ತಿಕೊಳ್ಳಬಾರದು, ಸಿಂಬಿಯ ನಡುವೆ ಕಾಲಿಡಬಾರದು.

ಊರಿನಲ್ಲಿ ಬೆಸೆದ ಸಾಧನಕ್ಕೆ ನಾನು ಕಟ್ಟುವ ಮಿತಿ 80 ಕಿಲೋ. ಹಸಿಮರವನ್ನು ನೀರಿನಷ್ಟೇ ಭಾರ ಎಂದು ಹಿಡಿದರೆ ಒಂದಡಿ ದಪ್ಪ, ಆರಡಿ ಉದ್ದದ ತುಂಡೇ 130 ಕಿಲೋ ದಾಟುತ್ತದೆ. ಅಂಥದ್ದನ್ನು ಮೂರಡಿಯ ತುಂಡುಗಳಾಗಿ ಕಡಿದು ಇಳಿಸಿ. ಹಾಗೆ ಕಡಿಯಲು ಜಾಗವಿಲ್ಲದಿದ್ದರೆ ಕ್ರೇನ್ ಕರೆಸಿ.

ಮಾಡಿನ ನೇರಕ್ಕಿರುವ ಕೊಂಬೆಯ ದಪ್ಪ, ಉದ್ದ, ರಾಟೆ ಕಟ್ಟಬೇಕೆಂದಿರುವ ಕವಲಿನ ದಪ್ಪ ಅಳೆದು ಬರೆಯಿರಿ. ಲೆಕ್ಕ ಹಾಕಿ ಹೇಳುತ್ತೇನೆ.