ಮೂತಿ ಜಜ್ಜಿದ ಎಲಿಸ್: ತಗೊಳ್ಳಲಾ, ಬಿಡಲಾ?

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. ಸ್ಯಾಲ್ವೇಜ್ ಹರಾಜಿಗೆ, ಅಂದರೆ ಅಪಘಾತದಲ್ಲಿ ಜಖಂ ಆದ ಕಾರುಗಳ ಹರಾಜಿಗೆ, 2005ರ ಲೋಟಸ್ ಎಲಿಸ್ ಸ್ಪೋರ್ಟ್ಸ್ ಕಾರು ಒಂದು ಬಂದಿದೆ. ಎಡಗಡೆ ಮುಂದಿನ ಮೂಲೆ ಗುದ್ದಿಸಿಕೊಂಡು ಮೂತಿ ಪುಡಿಪುಡಿಯಾಗಿದೆ. ಏರ್‌ಬ್ಯಾಗ್ ಮಾತ್ರ ಬಿಚ್ಚಿಲ್ಲ. ಹಾಸನದಲ್ಲಿ ಗ್ಯಾರೇಜ್ ಇಟ್ಟಿರುವ ನಮ್ಮ ಮಾವ ಫೋಟೋ ನೋಡಿ, "ಎಳೆದು ನೇರ ಮಾಡಿ ಎರಡು ಕಡೆ ವೆಲ್ಡಿಂಗ್ ಹೊಡೆದರೆ ಆಯ್ತು, ತಗೋ ಮಾರಾಯ" ಅಂದರು. ತಗೊಳ್ಳಲಾ? ಮುಂದೆ ಊರಿಗೆ ಬರುವಾಗ ಜೊತೆಗೆ ತರಬಹುದಾ?

ಉತ್ತರ: ನಿಮ್ಮ ಮಾವನವರ ಮಾತು ಅಂಬಾಸಿಡರ್‌ಗಾದರೆ ನೂರಕ್ಕೆ ನೂರು ಸರಿ. ಎಲಿಸ್‌ಗೆ ಮಾತ್ರ ನಡೆಯುವುದಿಲ್ಲ. ಈ ಕಾರಿನಲ್ಲಿ ಕಣ್ಣಿಗೆ ಹೊಡೆಯುವ ಡ್ಯಾಮೇಜು ಬೇರೆ, ಜೇಬಿಗೆ ಹೊಡೆಯುವ ಡ್ಯಾಮೇಜು ಬೇರೆ.

ಪುಡಿಯಾಗಿರುವ ಮೂತಿ ಬರೀ ಫೈಬರ್‌ಗ್ಲಾಸ್. ಮುಂದಿನ ಹೊರಮೈ ಪೂರ್ತಿ ಒಂದೇ ತುಂಡು, ಅದಕ್ಕೆ 'ಕ್ಲಾಮ್' ಅಂತಾರೆ. ಹೊಸದು ದುಬಾರಿ, ನಿಜ. ಆದರೆ ಬಿರುಕನ್ನು ಒಳಗಡೆಯಿಂದ ಉಜ್ಜಿ, ಫೈಬರ್ ಮ್ಯಾಟ್ ಮತ್ತು ರೆಸಿನ್ (ಒಣಗಿ ಗಟ್ಟಿಯಾಗುವ ಅಂಟು) ಹಾಕಿ ಕಟ್ಟುವವರು ಸಿಗುತ್ತಾರೆ. ಕಾರಿನವರಿಗಿಂತ ದೋಣಿ ರಿಪೇರಿಯವರಿಗೆ ಈ ಕೈಚಳಕ ಜಾಸ್ತಿ. ಕ್ಲಾಮ್ ಹಿಂದೆ ಇರುವ ಕ್ರ್ಯಾಶ್ ಬಾಕ್ಸ್ ಕೂಡ ಫೈಬರ್‌ನದೇ. ಗುದ್ದಿದಾಗ ತಾನು ಪುಡಿಯಾಗಿ ಪೆಟ್ಟು ನುಂಗುವುದೇ ಅದರ ಕೆಲಸ. ಅದನ್ನು ಬದಲಾಯಿಸಬಹುದು. ಎಂಜಿನ್ ನಿಮ್ಮ ಬೆನ್ನ ಹಿಂದೆ ಇರುವುದರಿಂದ ಅದಕ್ಕೆ ಪೆಟ್ಟು ಬಿದ್ದಿರುವ ಸಂಭವ ಕಡಿಮೆ. ಅದು ಟೊಯೋಟಾದ 1.8 ಲೀಟರ್ ಎಂಜಿನ್. ಸೆಲಿಕಾ ಜಿಟಿ-ಎಸ್‌ಗೂ ಅದನ್ನೇ ಹಾಕಿದ್ದರು, ಹಾಗಾಗಿ ಬಿಡಿಭಾಗಗಳ ಚಿಂತೆ ಅಷ್ಟಿಲ್ಲ.

ಇನ್ನು ಅಸಲಿ ವಿಷಯಕ್ಕೆ ಬರೋಣ. ಇದೆಲ್ಲದರ ಒಳಗೆ ಅಲ್ಯೂಮಿನಿಯಂ ಚಾಸಿ, ಅಂದರೆ ಕಾರಿನ ಅಸ್ಥಿಪಂಜರ ಇದೆ. 1996ರ ಮೊದಲ ಎಲಿಸ್‌ನಲ್ಲಿ ಅದರ ತೂಕ ಸುಮಾರು 68 ಕೆ.ಜಿ., ಇಬ್ಬರು ಸೇರಿದರೆ ಎತ್ತಬಹುದು. ಅಚ್ಚಿನ ಮೂಲಕ ಒತ್ತಿ ಹೊರತೆಗೆದ ಪಟ್ಟಿಗಳನ್ನು ವೆಲ್ಡ್ ಮಾಡದೆ ಎಪಾಕ್ಸಿ ಅಂಟಿನಲ್ಲಿ ಅಂಟಿಸಿ, ಓವನ್‌ನಲ್ಲಿ ಬೇಯಿಸಿ ಗಟ್ಟಿ ಮಾಡಿರುತ್ತಾರೆ. ಅಂಟು ಸಿಪ್ಪೆಯಂತೆ ಏಳದಿರಲಿ ಎಂದು ಅಲ್ಲಲ್ಲಿ ಸ್ಕ್ರೂ ಕೊಟ್ಟಿರುತ್ತಾರೆ. ಕಾರಿನ ಬಲವೆಲ್ಲ ಆ ಅಂಟಿನ ಗೆರೆಯಲ್ಲಿದೆ.

ಈಗ ಅಲ್ಲಿಗೆ ವೆಲ್ಡಿಂಗ್ ಹಿಡಿದರೆ ಏನಾಗುತ್ತದೆ? ಕಬ್ಬಿಣ ಕಾದರೆ ಕೆಂಪಾಗುತ್ತದೆ, ಕೈಗೆ ಅಂದಾಜು ಸಿಗುತ್ತದೆ. ಅಲ್ಯೂಮಿನಿಯಂ ಬಣ್ಣವೇ ಬದಲಿಸುವುದಿಲ್ಲ. 660 ಡಿಗ್ರಿ ಸೆಲ್ಸಿಯಸ್‌ಗೆ ಸದ್ದಿಲ್ಲದೆ ಕರಗಿ ಬೀಳುತ್ತದೆ. ಅದಕ್ಕೂ ಎಷ್ಟೋ ಮೊದಲೇ ಶಾಖ ಸರ್ರನೆ ಅಕ್ಕಪಕ್ಕ ಹರಿದು ಅಂಟನ್ನು ಸುಟ್ಟಿರುತ್ತದೆ. ಹದ ಕೊಟ್ಟು ಗಟ್ಟಿ ಮಾಡಿದ ಲೋಹವೂ ಆ ಜಾಗದಲ್ಲಿ ಮೆತ್ತಗಾಗುತ್ತದೆ. ಹೊರಗಿಂದ ನೋಡಿದರೆ ಲಕ್ಷಣವಾಗಿಯೇ ಇರುತ್ತದೆ, ಅದೇ ಅಪಾಯ.

ಎಳೆದು ನೇರ ಮಾಡುವುದೂ ಬೇಡ. ಮನೆಯಲ್ಲಿ ಸಿಲ್ವರ್ (ಅಲ್ಯೂಮಿನಿಯಂ) ಪಾತ್ರೆಯ ಅಂಚು ಬಗ್ಗಿದಾಗ ಒತ್ತಿ ಸರಿ ಮಾಡಿ, ಮತ್ತೆ ಬಗ್ಗಿ, ಮತ್ತೆ ಒತ್ತಿ, ಕೊನೆಗೆ ಅಲ್ಲೇ ಬಿರುಕು ಬಿಟ್ಟಿದ್ದು ನೋಡಿದ್ದೀರಲ್ವಾ? ಇಲ್ಲೂ ಅದೇ ಕತೆ. ಬಗ್ಗಿದ ಜಾಗ ಗಡುಸಾಗಿ, ವಾಪಸ್ ಬಗ್ಗಿಸಿದರೆ ಸೀಳುತ್ತದೆ. ಮುಖ್ಯವಾದ ಪಟ್ಟಿ ಬಗ್ಗಿದ್ದರೆ ಉಳಿಯುವ ದಾರಿ ಚಾಸಿ ಬದಲಾಯಿಸುವುದೊಂದೇ. ಅಂದರೆ ಇಡೀ ಕಾರನ್ನು ನಟ್ಟು ನಟ್ಟಾಗಿ ಬಿಚ್ಚಿ ಹೊಸದರ ಮೇಲೆ ಮತ್ತೆ ಕಟ್ಟಬೇಕು. (ಎಲ್ಲ ಅಲ್ಯೂಮಿನಿಯಂ ಕಾರೂ ಹೀಗಲ್ಲ. 1990ರ ಹೋಂಡಾ ಎನ್‌ಎಸ್‌ಎಕ್ಸ್‌ನ ಬಾಡಿ ವೆಲ್ಡ್ ಮಾಡಿದ್ದು. ಅದನ್ನು ಪಳಗಿದ ಕೈಯವರು ವೆಲ್ಡ್ ಮಾಡಿಯೇ ರಿಪೇರಿ ಮಾಡಬಹುದು.)

ಹಾಗಾದರೆ ಪಟ್ಟಿ ಬಗ್ಗಿದೆಯಾ ಇಲ್ಲವಾ ಎಂದು ತಿಳಿಯುವುದು ಹೇಗೆ? ಫೋಟೋದಲ್ಲಿ ತಿಳಿಯುವುದಿಲ್ಲ, ಯಾರ್ಡಿಗೇ ಹೋಗಬೇಕು. ಎಡ ಚಕ್ರದ ಗೂಡಿನ ಪ್ಲಾಸ್ಟಿಕ್ ಹೇಗೂ ಹರಿದಿರುತ್ತದೆ, ಅಲ್ಲಿಂದ ಒಳಗೆ ನೋಡಿ. ಮೊದಲು ವಿಶ್‌ಬೋನ್. ಚಕ್ರವನ್ನು ಚಾಸಿಗೆ ಹಿಡಿದಿಡುವ ಕವಲು ತೋಳು ಅದು. ಸ್ಟೀಲ್, ಬಗ್ಗಿದ್ದರೂ ಬದಲಾಯಿಸುವುದು ಸುಲಭ. ನೀವು ನೋಡಬೇಕಾದ್ದು ವಿಶ್‌ಬೋನ್ ಬೋಲ್ಟ್ ಆಗಿರುವ ಅಲ್ಯೂಮಿನಿಯಂ ಪಟ್ಟಿಯನ್ನು. ಟಾರ್ಚನ್ನು ನೇರವಾಗಿ ಬಿಡಬೇಡಿ, ಪಟ್ಟಿಗೆ ಒರಗಿಸಿ ಅಡ್ಡಡ್ಡ ಬಿಡಿ. ಸಣ್ಣ ಸುಕ್ಕಿದ್ದರೂ ನೆರಳು ಬೀಳುತ್ತದೆ. ಪಟ್ಟಿಯ ಮೇಲೆ ಆನೋಡೈಸ್ ಪದರವಿದೆ, ತುಕ್ಕು ತಡೆಯುವ ತೆಳು ಲೇಪನ. ಅದು ಗಾಜಿನಷ್ಟು ಪೆಡಸು, ಕೆಳಗಿನ ಲೋಹ ಸ್ವಲ್ಪ ಬಗ್ಗಿದರೂ ಕೂದಲೆಳೆಯಂಥ ಗೆರೆಗಳು ಸಾಲಾಗಿ ಏಳುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ, ಕೊಳೆಯಾದರೆ ಹೋಗುತ್ತದೆ, ಅದು ಹೋಗುವುದಿಲ್ಲ. ಆಮೇಲೆ ಎರಡು ಪಟ್ಟಿ ಕೂಡುವಲ್ಲಿ ಹೊರಗೆ ಉಬ್ಬಿರುವ ಅಂಟಿನ ಮೇಲೆ ಬೆರಳಾಡಿಸಿ. ಅದು ಲೋಹದಿಂದ ಬಿಟ್ಟುಕೊಂಡಿದ್ದರೆ ಉಗುರಿಗೆ ಸಿಗುತ್ತದೆ.

ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಟೇಪೂ ಹಿಡಿಯಿರಿ. ಎರಡೂ ಬದಿ 2,300 ಮಿಲಿಮೀಟರ್ ಇರಬೇಕು. ಎಡಗಡೆ ಕಡಿಮೆ ಬಂದರೆ ಬರೀ ವಿಶ್‌ಬೋನ್ ಬಗ್ಗಿರಬಹುದು, ಗಾಬರಿ ಬೇಡ. ಅನುಮಾನ ತೀರುವುದು ಅದನ್ನು ಬಿಚ್ಚಿ, ಚಾಸಿಯ ತೂತಿನಿಂದ ತೂತಿಗೆ ಕರ್ಣ ಅಳೆದಾಗ ಮಾತ್ರ. ಆ ಅವಕಾಶ ಹರಾಜಿಗೆ ಮೊದಲು ಸಿಗುವುದಿಲ್ಲವಾದ್ದರಿಂದ ನನ್ನ ಸಲಹೆ ಇಷ್ಟೇ: ಚಾಸಿ ಹೋಗಿದೆ ಅಂದುಕೊಂಡೇ ಬಿಡ್ ಹಾಕಿ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಕ್ಲಾಮ್, ಸೀಟು ಬಿಡಿಯಾಗಿ ಮಾರಿದರೆ ಎಷ್ಟು ಬರುತ್ತದೋ ಅದನ್ನು ದಾಟಬೇಡಿ. ಏರ್‌ಬ್ಯಾಗ್ ಬಿಚ್ಚಿಲ್ಲ ಅನ್ನುವುದಕ್ಕೆ ಬೆಲೆ ಕೊಡಬೇಡಿ. ಮೂಲೆಗೆ ಬಿದ್ದ ಪೆಟ್ಟಿಗೆ ಎಷ್ಟೋ ಸಲ ಅದು ಬಿಚ್ಚುವುದೇ ಇಲ್ಲ.

ಚಾಸಿ ನೆಟ್ಟಗಿದ್ದು ಕೆಲಸಕ್ಕೆ ಇಳಿದರೆ ಒಂದು ಎಚ್ಚರಿಕೆ. ಸ್ಟೀಲ್ ಉಜ್ಜಿದ ಬ್ರಷ್, ಗ್ರೈಂಡರ್ ಡಿಸ್ಕ್ ಯಾವುದನ್ನೂ ಅಲ್ಯೂಮಿನಿಯಂಗೆ ಮುಟ್ಟಿಸಬೇಡಿ. ಸ್ಟೀಲ್ ಪುಡಿ ಒಳಗೆ ಕೂತರೆ ನೀರು ತಾಗಿದಾಗ ಅಲ್ಯೂಮಿನಿಯಂ ಸವೆಯತೊಡಗುತ್ತದೆ. ಅದೇ ಕಾರಣಕ್ಕೆ ಅಂಗಡಿಯಲ್ಲಿ ಸಿಕ್ಕಿದ ಬೋಲ್ಟೂ ಬೇಡ, ಮ್ಯಾನ್ಯುಯಲ್ ಹೇಳಿದ ಲೇಪನದ್ದೇ ಹಾಕಿ.

ಕಾಗದಪತ್ರದ ಮಾತು ಚಿಕ್ಕದು. ರಿಪೇರಿ ಮುಗಿದು ಡಿಎಂವಿ (ನಮ್ಮ ಆರ್‌ಟಿಓ ಥರದ ಅಲ್ಲಿನ ಇಲಾಖೆ) ತಪಾಸಣೆ ಆಗುವವರೆಗೆ ರಸ್ತೆಗೆ ಇಳಿಸುವಂತಿಲ್ಲ. ಆಮೇಲೂ ಟೈಟಲ್ (ಮಾಲೀಕತ್ವದ ಪತ್ರ) ಮೇಲೆ 'ಸ್ಯಾಲ್ವೇಜ್' ಮುದ್ರೆ ಉಳಿಯುತ್ತದೆ. ಒಂದೊಂದು ಬಿಡಿಭಾಗದ ಬಿಲ್ಲನ್ನೂ ಎತ್ತಿಡಿ. ಪೂರ್ತಿ ಇನ್ಶೂರೆನ್ಸ್ ಸಿಗುವುದು ಕಷ್ಟ, ಕೊಳ್ಳುವ ಮೊದಲೇ ಕೇಳಿಕೊಳ್ಳಿ.

ಊರಿಗೆ ತರುವ ಆಸೆ ಬಿಡಿ. ಭಾರತಕ್ಕೆ ಬರುವ ಹಳೆ ಕಾರು ತಯಾರಾಗಿ ಮೂರು ವರ್ಷ ದಾಟಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು. ನಿಮ್ಮದು ಎರಡಕ್ಕೂ ಹೊಂದುವುದಿಲ್ಲ. ಮಾವನವರನ್ನೇ ಅಲ್ಲಿಗೆ ಕರೆಸಿಕೊಳ್ಳುವುದು ಸುಲಭ. ಫೈಬರ್ ಕೆಲಸಕ್ಕೆ ಒಂದು ಕೈ ಆಗುತ್ತಾರೆ, ವೆಲ್ಡಿಂಗ್ ಸೆಟ್ ಮಾತ್ರ ಕೈಗೆ ಕೊಡಬೇಡಿ.