ಅಮೆರಿಕದ ನಮ್ಮ ಕನ್ನಡ ಕೂಟದಲ್ಲಿ ಸ್ವಯಂಸೇವಕರು ಎರಡನೇ ಸಲ ಬರುವುದಿಲ್ಲ. ಉಳಿಸಿಕೊಳ್ಳುವುದು ಹೇಗೆ?

ಯುಗಾದಿಗೆ ಓಡಾಡಿದವರು ರಾಜ್ಯೋತ್ಸವದ ಹೊತ್ತಿಗೆ ಕಾಣೆ, ಅಲ್ವಾ? ಮುಖ್ಯ ಕಾರಣ ಕೆಲಸದ ಹೊರೆ. "ಊಟದ ಉಸ್ತುವಾರಿ ನಿಮ್ದು" ಅಂದರೆ ಬೆಳಗ್ಗೆ ಟ್ರೇ ಇಳಿಸುವುದರಿಂದ ರಾತ್ರಿ ಮೇಜು ಮಡಚುವವರೆಗೂ ಎಲ್ಲ ಒಬ್ಬರ ತಲೆಗೇ. ಎರಡೆರಡು ಗಂಟೆಯ ಪಾಳಿ ಮಾಡಿ. ಬಡಿಸುವವರು ಬಿಸಿ ಇರುವಾಗಲೇ ಉಣ್ಣಲಿ. ಮಗಳ ಡ್ಯಾನ್ಸ್ ಇರುವ ಅಪ್ಪನನ್ನು ಆ ಹೊತ್ತಿಗೆ ಬಿಟ್ಟುಬಿಡಿ. ನನ್ನ ಪ್ರಕಾರ ಶಾಲು, ಹಾರಕ್ಕಿಂತ ಇದೇ ದೊಡ್ಡ ಸನ್ಮಾನ. ವೇದಿಕೆಯಲ್ಲಿ ಹೆಸರು ಓದುವಾಗ ಒಬ್ಬರು ಬಿಟ್ಟುಹೋದರಂತೂ ವರ್ಷವಿಡೀ ಮುನಿಸು! ಅದರ ಬದಲು ಮಾರನೇ ದಿನ ಫೋನ್ ಮಾಡಿ, "ಮೊಸರನ್ನ ಖಾಲಿಯಾದಾಗ ನೀವೇ ಓಡಿ ತಂದಿರಿ, ನೋಡಿದೆ" ಅನ್ನಿ. ಹೈಸ್ಕೂಲ್ ಮಕ್ಕಳು ಎಷ್ಟು ಗಂಟೆ ಸೇವೆ ಮಾಡಿದರು ಅಂತ ಶಾಲೆಗೆ ತೋರಿಸುವ ಪತ್ರಕ್ಕೆ ತಡಮಾಡದೆ ಸಹಿ ಹಾಕಿ. ಮೇರಿಲ್ಯಾಂಡ್ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಹೈಸ್ಕೂಲ್ ಮುಗಿಸಲು ಸಾಮಾನ್ಯವಾಗಿ ಇಂಥ 75 ಗಂಟೆ ಸೇವೆ ಬೇಕು.